ಬೇಸಿಗೆಯ ಬೆಟ್ಟದ ಕೆರೆಯಲ್ಲಿ ಟ್ರೌಟ್ ಎಷ್ಟು ಆಳದಲ್ಲಿರುತ್ತದೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಸಾಲಿನ ಕೆರೆಗಳಲ್ಲಿ ಮತ್ತು ಜಲಾಶಯಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಫ್ಲೈ ಫಿಶಿಂಗ್ ಮಾಡುವ, ಅಂದರೆ ಕೀಟವನ್ನೋ ಮರಿಮೀನನ್ನೋ ಹೋಲುವಂತೆ ಗರಿ, ನೂಲು ಸುತ್ತಿದ ‘ಫ್ಲೈ’ ಎಂಬ ಕೊಕ್ಕೆಯನ್ನು ಎಸೆದು ಟ್ರೌಟ್ ಎಂಬ ತಣ್ಣೀರಿನ ಮೀನನ್ನು ಹಿಡಿಯುವ ಕುರಿತು ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಆಗಸ್ಟ್ ಮೊದಲ ವಾರದಲ್ಲಿ ಗೆಳೆಯರೊಡನೆ ಸಿಯೆರಾದ ಜಲಾಶಯವಾದ ಕ್ರೌಲಿ ಲೇಕ್‌ಗೆ ಹೋಗಿದ್ದೆ. ಬೆಳಿಗ್ಗೆ ಹತ್ತು ಗಂಟೆಯಿಂದ ಸಂಜೆಯವರೆಗೆ ದಡದಲ್ಲೇ ನಿಂತು, ಪೆಟ್ಟಿಗೆಯಲ್ಲಿದ್ದ ಎಲ್ಲ ಬಗೆಯ ಫ್ಲೈಗಳನ್ನೂ ಬದಲಿಸಿ ಬದಲಿಸಿ ಎಸೆದರೂ ಒಂದು ಮೀನೂ ಮುಟ್ಟಲಿಲ್ಲ. ದೂರದಲ್ಲಿ ಫ್ಲೋಟ್ ಟ್ಯೂಬಿನಲ್ಲಿ (ಒಬ್ಬರು ಕೂರುವ, ಗಾಳಿ ತುಂಬಿದ ತೇಲುವ ಆಸನ) ಕುಳಿತವರು ಮಾತ್ರ ಒಂದರ ಹಿಂದೊಂದು ಹಿಡಿಯುತ್ತಿದ್ದರು. ನಾನು ಯಾವ ಫ್ಲೈ ಕಟ್ಟಬೇಕಿತ್ತು? (ಸ್ಯಾನ್ ಹೋಸೆ)

ಉತ್ತರ: ನಿಮ್ಮ ಪೆಟ್ಟಿಗೆಯಲ್ಲಿ ಸರಿಯಾದ ಫ್ಲೈ ಇದ್ದೇ ಇರಬೇಕು. ಅದು ಮೀನಿದ್ದ ಆಳವನ್ನು ಮುಟ್ಟಲಿಲ್ಲ ಎಂಬುದೇ ಹೆಚ್ಚು ಸಂಭವನೀಯ. ಹರಿಯುವ ಹೊಳೆಯಲ್ಲಿ ಟ್ರೌಟ್ ಒಂದು ಕಲ್ಲಿನ ಮರೆಯಲ್ಲಿ ನಿಂತು, ನೀರು ಹೊತ್ತು ತರುವ ಆಹಾರಕ್ಕೆ ಕಾಯುತ್ತದೆ. ನಿಂತ ನೀರಿನಲ್ಲಿ ಆಹಾರ ತಾನಾಗಿ ಬರುವುದಿಲ್ಲವಾದ್ದರಿಂದ ಮೀನೇ ಅದನ್ನು ಹುಡುಕಿ ಸುತ್ತಾಡುತ್ತದೆ, ಮತ್ತು ಯಾವ ಆಳದಲ್ಲಿ ಸುತ್ತಾಡಬೇಕು ಎಂಬುದನ್ನು ಬೇಸಿಗೆಯಲ್ಲಿ ನೀರಿನ ಉಷ್ಣಾಂಶವೇ ತೀರ್ಮಾನಿಸುತ್ತದೆ.

ಕಾಮನಬಿಲ್ಲು ಟ್ರೌಟ್, ಅಂದರೆ ರೇನ್‌ಬೋ, ಸುಮಾರು 12ರಿಂದ 16 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಚುರುಕಾಗಿರುತ್ತದೆ. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ ಶುರುವಾಗುತ್ತದೆ, ಏಕೆಂದರೆ ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 20 ಡಿಗ್ರಿಯ ನೀರು ಹಿಡಿಯುವುದು 9.1 ಮಿಲಿಗ್ರಾಂ ಮಾತ್ರ. ಕ್ರೌಲಿ ಆರೂವರೆ ಸಾವಿರ ಅಡಿಗಿಂತ ಎತ್ತರದಲ್ಲಿರುವುದರಿಂದ, ಗಾಳಿಯ ಒತ್ತಡ ತಗ್ಗಿ, ಈ ಅಂಕಿಗಳಲ್ಲಿಯೂ ಐದನೇ ಒಂದು ಭಾಗ ಕಳೆದುಹೋಗುತ್ತದೆ. ಹೀಗಾಗಿ ಆಗಸ್ಟ್ ಮಧ್ಯಾಹ್ನದಲ್ಲಿ ದಡದ ಎರಡು ಮೂರು ಅಡಿ ಬಿಸಿ ನೀರಿನಲ್ಲಿ ದೊಡ್ಡ ಮೀನು ಇರುವುದಕ್ಕೆ ಕಾರಣವೇ ಇಲ್ಲ. ಹಾಗೆಂದು ಅದು ತೀರಾ ತಳಕ್ಕೂ ಹೋಗಲಾರದು. ಆಳವಾದ ಕೆರೆಗಳಲ್ಲಿ ಬೇಸಿಗೆಯ ಹೊತ್ತಿಗೆ ಮೇಲಿನ ಬೆಚ್ಚನೆಯ ನೀರೂ ಕೆಳಗಿನ ತಣ್ಣನೆಯ ನೀರೂ ಒಂದರೊಡನೊಂದು ಬೆರೆಯದೆ ಪದರಗಳಾಗಿ ನಿಲ್ಲುತ್ತವೆ. ಕ್ರೌಲಿಯಂಥ ಪೋಷಕಾಂಶ ತುಂಬಿದ ನೀರಿನಲ್ಲಿ ಸತ್ತ ಪಾಚಿ ತಳಕ್ಕಿಳಿದು ಕೊಳೆಯುವಾಗ ಅಲ್ಲಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಮೇಲೆ ಬಿಸಿ, ಕೆಳಗೆ ಉಸಿರಿಲ್ಲ ಎಂಬ ಈ ಸ್ಥಿತಿಯಲ್ಲಿ ಮೀನುಗಳೆಲ್ಲ ನಡುವಿನ ಒಂದು ಪಟ್ಟಿಯಲ್ಲಿ, ಇಲ್ಲವೇ ತಣ್ಣನೆಯ ತೊರೆಗಳು ಬಂದು ಸೇರುವ ಬಾಯಿಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ. ಮೆಕ್‌ಗೀ ಮತ್ತು ಹಿಲ್ಟನ್ ತೊರೆಗಳು ಕೂಡುವ ಕೊಲ್ಲಿಗಳಲ್ಲಿ ಬೇಸಿಗೆಯ ಕೊನೆಗೆ ಅಷ್ಟೊಂದು ಟ್ಯೂಬುಗಳು ತೇಲುತ್ತಿರುವುದು ಈ ಕಾರಣಕ್ಕೇ.

ಇನ್ನು ಆಹಾರದ ಮಾತು. ಓವೆನ್ಸ್ ನದಿಗೆ ಲಾಂಗ್ ವ್ಯಾಲಿ ಅಣೆಕಟ್ಟು ಕಟ್ಟಿ ಲಾಸ್ ಏಂಜಲೀಸ್ ನಗರದ ನೀರಿಗಾಗಿ 1941ರಲ್ಲಿ ನಿರ್ಮಿಸಿದ ಈ ಜಲಾಶಯದ ತಳದ ಕೆಸರಿನಲ್ಲಿ ಕೈರೊನೊಮಿಡ್ ಎಂಬ, ಸೊಳ್ಳೆಯನ್ನು ಹೋಲುವ ಆದರೆ ಕಚ್ಚದ ಕೀಟದ ಲಾರ್ವಾಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಕೆಲವು ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲಿಯೂ ಬದುಕಲು ನೆರವಾಗುವ ಹಿಮೋಗ್ಲೋಬಿನ್‌ನಿಂದಾಗಿ ಕೆಂಪಗಿರುತ್ತವೆ. ಲಾರ್ವಾ ಪ್ಯೂಪಾ ಆದ ಮೇಲೆ ಚರ್ಮದಡಿ ಗಾಳಿ ತುಂಬಿಕೊಂಡು ಬಹಳ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ನಿಂತು ಮೇಲೇರುತ್ತದೆ. ಟ್ರೌಟ್ ಅದನ್ನು ಅಟ್ಟಿಸಿಕೊಂಡು ಹೋಗಬೇಕಿಲ್ಲ, ಬಾಯಿ ತೆರೆದು ಈಜಿದರೆ ಸಾಕು. ಆದ್ದರಿಂದ ಜೀಬ್ರಾ ಮಿಜ್‌ನಂಥ, ತಲೆಯ ಬಳಿ ಬಿಳಿ ಕಿವಿರಿನ ಗುರುತಿರುವ ಒಂದು ಚಿಕ್ಕ ಫ್ಲೈಯನ್ನು ಇಂಡಿಕೇಟರ್ ಎಂಬ ಬೆಂಡಿನ ಕೆಳಗೆ ತೂಗಬಿಟ್ಟು, ಎಳೆಯದೆ ಸುಮ್ಮನಿರುವುದು ಇಲ್ಲಿನ ರೂಢಿ. ಆಳವನ್ನು ಅಳೆಯಲು ಟ್ಯೂಬಿನವರು ಬಳಸುವ ಉಪಾಯ ಸರಳವಾದದ್ದು: ಗಾಳ ಬಿಡಿಸುವ ಚಿಕ್ಕ ಇಕ್ಕಳವನ್ನು ಫ್ಲೈಗೆ ಕಚ್ಚಿಸಿ ತಳ ಮುಟ್ಟುವವರೆಗೆ ನೇರವಾಗಿ ಇಳಿಸುತ್ತಾರೆ, ಬೆಂಡನ್ನು ನೀರಿನ ಮಟ್ಟಕ್ಕೆ ಸರಿಸುತ್ತಾರೆ, ಇಕ್ಕಳ ತೆಗೆದು ಒಂದಡಿ ಮೇಲಕ್ಕೆತ್ತುತ್ತಾರೆ. ತಳದಲ್ಲಿ ಆಮ್ಲಜನಕ ಕಡಿಮೆಯಾಗಿರುವ ದಿನಗಳಲ್ಲಿ ಅಲ್ಲಿಂದ ಎರಡೆರಡು ಅಡಿಯಂತೆ ಮೇಲಕ್ಕೆ ತರುತ್ತ, ಮೀನು ಮುಟ್ಟಿದ ಆಳದಲ್ಲಿ ನಿಲ್ಲಿಸುತ್ತಾರೆ. ಫ್ಲೈ ಬದಲಿಸುವುದು ಇಷ್ಟೂ ಆದ ಮೇಲೆ.

ದಡದಿಂದಲೇ ಹಿಡಿಯಬೇಕೆಂದಿದ್ದರೆ ಸೂರ್ಯ ಹುಟ್ಟುವ ಮುನ್ನವೇ ತೊರೆಯ ಬಾಯಿಯ ಹತ್ತಿರ ನಿಂತಿರಬೇಕು. ಬೇಸಿಗೆಯ ಕೊನೆಯಲ್ಲಿ ಸ್ಯಾಕ್ರಮೆಂಟೊ ಪರ್ಚ್ ಮೀನಿನ ಮರಿಗಳು ಜೊಂಡಿನ ಅಂಚಿಗೆ ಬರುತ್ತವೆ. ಆಗ ಬೆಳಕು ಹರಿಯುವ ಹೊತ್ತಿನಲ್ಲಿ ಮರಿಮೀನನ್ನು ಹೋಲುವ ಸ್ಟ್ರೀಮರ್ ಎಳೆದರೆ ದಡದವರಿಗೂ ದೊಡ್ಡ ಮೀನು ಸಿಗುವುದುಂಟು. ಹತ್ತು ಗಂಟೆಗೆ ಶುರುಮಾಡುವುದು ಮೀನು ಹಿಡಿಯುವವರ ವೇಳೆಯಲ್ಲ, ಪಿಕ್‌ನಿಕ್ಕಿನವರ ವೇಳೆ. ಮಧ್ಯಾಹ್ನದ ಗಾಳಿ ಏಳುವ ಮುನ್ನ ಟ್ಯೂಬಿನವರೂ ದಡ ಸೇರುವುದೇ ಕ್ಷೇಮ.

ಪ್ರಶ್ನೆ: ಜುಲೈನಲ್ಲಿ ಮಕ್ಕಳೊಂದಿಗೆ ರಾಕ್ ಕ್ರೀಕ್ ಕಣಿವೆಯ ಮೇಲಿನ ಲಿಟಲ್ ಲೇಕ್ಸ್ ವ್ಯಾಲಿಗೆ ನಡೆದುಹೋಗಬೇಕೆಂದಿದ್ದೇವೆ. ಟ್ಯೂಬು, ದೋಣಿ ಏನನ್ನೂ ಹೊರಲಾರೆವು. ಆದರೂ ಮೀನು ಸಿಕ್ಕೀತೆ? (ಫ್ರೀಮಾಂಟ್)

ಉತ್ತರ: ಧಾರಾಳವಾಗಿ ಸಿಗುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ಬಿಸಿನೀರಿನ ತೊಂದರೆ ನಿಮಗಿಲ್ಲ. ನಡಿಗೆ ಆರಂಭವಾಗುವ ಮಸ್ಕೀಟೋ ಫ್ಲ್ಯಾಟ್ ಎಂಬ ಜಾಗವೇ ಹತ್ತು ಸಾವಿರ ಅಡಿಗಿಂತ ಎತ್ತರದಲ್ಲಿದೆ, ಅಲ್ಲಿಂದ ಮುಂದೆ ಒಂದಾದ ಮೇಲೊಂದು ಕೆರೆ ಸಿಗುತ್ತದೆ. ಅಷ್ಟು ಎತ್ತರದ ಕೆರೆಗಳು ವರ್ಷದ ಬಹುಭಾಗ ಹಿಮದಡಿಯಲ್ಲಿರುತ್ತವೆ. ಮೀನಿಗೆ ಹೊಟ್ಟೆ ತುಂಬಿಸಿಕೊಳ್ಳಲು ಉಳಿಯುವುದು ಕೆಲವೇ ತಿಂಗಳು, ಹಾಗಾಗಿ ಅದು ಕ್ರೌಲಿಯ ಮೀನಿನಷ್ಟು ಆಯ್ದು ತಿನ್ನುವುದಿಲ್ಲ. ಅಲ್ಲಿ ಹೆಚ್ಚಾಗಿ ಸಿಗುವ ಬ್ರೂಕ್ ಟ್ರೌಟ್ ಅಮೆರಿಕದ ಪೂರ್ವಭಾಗದಿಂದ ತಂದುಬಿಟ್ಟದ್ದು. ಅದು ಹರಿಯುವ ತೊರೆಯಿಲ್ಲದೆ ಕೆರೆಯೊಳಗಿನ ಬುಗ್ಗೆಗಳ ಬಳಿಯೂ ಮೊಟ್ಟೆಯಿಡಬಲ್ಲದಾದ್ದರಿಂದ ಕೆರೆ ಕೆರೆಯಲ್ಲಿಯೂ ತುಂಬಿಕೊಂಡು, ಆಹಾರ ಸಾಲದೆ ಗಿಡ್ಡವಾಗಿಯೇ ಉಳಿಯುತ್ತದೆ. ಮಕ್ಕಳು ಕಲಿಯಲು ಇದಕ್ಕಿಂತ ಒಳ್ಳೆಯ ಮೀನಿಲ್ಲ.

ಒಂಬತ್ತು ಅಡಿಯ, ಐದನೇ ತೂಕದ (ಮಧ್ಯಮ ಗಾತ್ರದ) ರಾಡ್, ತೇಲುವ ಲೈನ್ ಅಂದರೆ ಎಸೆಯುವ ದಪ್ಪ ದಾರ, ಅದರ ತುದಿಗೆ ಒಂಬತ್ತರಿಂದ ಹನ್ನೆರಡು ಅಡಿಯ ಲೀಡರ್ ಎಂಬ ತೆಳು ದಾರ ಇಷ್ಟಿದ್ದರೆ ಸಾಕು. ಹೋದೊಡನೆ ಎಸೆಯಬೇಡಿ. ಬಿಸಿಲು ಬೆನ್ನಿಗೆ ಬೀಳುವಂತೆ ನಿಂತು, ಪೋಲರಾಯ್ಡ್ ಕನ್ನಡಕ ಹಾಕಿಕೊಂಡು, ತೆಳು ನೀರು ದಿಢೀರನೆ ಕಡು ನೀಲಿಗೆ ತಿರುಗುವ ಅಂಚನ್ನು ಸ್ವಲ್ಪ ಹೊತ್ತು ನೋಡಿ. ಮೀನು ಆ ಅಂಚಿನಗುಂಟ ಗಸ್ತು ತಿರುಗುತ್ತಿರುವುದು ಕಾಣುತ್ತದೆ, ಮತ್ತು ಬಹುಮಟ್ಟಿಗೆ ಹೋದ ದಾರಿಯಲ್ಲೇ ಮರಳುತ್ತದೆ. ಮೀನಿನ ತಲೆಯ ಮೇಲೆ ಎಸೆಯದೆ, ಅದು ಬರುವ ದಾರಿಯಲ್ಲಿ ಮೊದಲೇ ಫ್ಲೈ ಇಳಿಸಿ ಕಾಯಬೇಕು. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಹಗಲಿನಲ್ಲಿ ಬಿಸಿಯಾದ ಗಾಳಿ ಕಣಿವೆಯ ಕೆಳಗಿನಿಂದ ಮೇಲಕ್ಕೆ ಬೀಸುವಾಗ ರೆಕ್ಕೆಯಿರುವೆ, ಜೀರುಂಡೆ ಮುಂತಾದ ಎಷ್ಟೋ ಕೀಟಗಳನ್ನು ಹೊತ್ತುತಂದು ಈ ಕೆರೆಗಳ ಮೇಲೆ ಉದುರಿಸುತ್ತದೆ. ಅವು ತೇಲುತ್ತ ಸೇರುವುದು ಗಾಳಿ ತಳ್ಳುವ ಕಡೆಯ ದಡಕ್ಕೆ. ಗಾಳಿ ಮುಖಕ್ಕೆ ಹೊಡೆಯುವ ಆ ದಡದಲ್ಲಿ ಎಸೆಯುವುದು ಕಷ್ಟವೆಂದು ಹೆಚ್ಚಿನವರು ಎದುರು ದಡಕ್ಕೆ ಹೋಗುತ್ತಾರೆ. ನೀವು ಹೋಗಬೇಡಿ. ಕಪ್ಪು ಇರುವೆಯ ಫ್ಲೈ, ತೇಲುವ ಪ್ಯಾರಾಶೂಟ್ ಆಡಮ್ಸ್, ನೀರೊಳಗಿನ ಮರಿಕೀಟವನ್ನು (ನಿಂಫ್) ಹೋಲುವ ಒಂದೆರಡು ಫೆಸೆಂಟ್ ಟೇಲ್ ನಿಂಫ್ ಸಾಕಾಗುತ್ತವೆ.

ಎರಡು ಎಚ್ಚರಿಕೆಗಳಿವೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಬರುವುದು ಅಲ್ಲಿ ಸಾಮಾನ್ಯ, ಕಾರ್ಬನ್ ನಾರಿನ ರಾಡ್ ವಿದ್ಯುತ್ತನ್ನು ಹರಿಸುತ್ತದೆ. ಮೊದಲ ಗುಡುಗು ಕೇಳಿದೊಡನೆ ರಾಡ್ ಮಡಚಿ ಕೆಳಗಿಳಿಯಬೇಕು. ಎರಡನೆಯದು, 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ ರಾಜ್ಯದ ಮೀನುಗಾರಿಕೆ ಪರವಾನಗಿ ಬೇಕು. ವಾರ್ಷಿಕ ಪರವಾನಗಿ ಈಗ ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಎಷ್ಟು ಮೀನು ಇಟ್ಟುಕೊಳ್ಳಬಹುದೆಂಬುದು ಕೆರೆಯಿಂದ ಕೆರೆಗೆ, ಕೆಲವೆಡೆ ತಿಂಗಳಿಂದ ತಿಂಗಳಿಗೂ ಬೇರೆಯಾಗುತ್ತದೆ. ಹೊರಡುವ ಮುನ್ನ ಆ ವರ್ಷದ ನಿಯಮಾವಳಿಯನ್ನು ನೋಡಿಕೊಳ್ಳಿ.

ಪ್ರಶ್ನೆ: ಮುಳುಗುವ ಲೈನುಗಳಲ್ಲಿ ಹಲವು ಬಗೆಗಳಿವೆ. ಒಂದನ್ನೇ ಕೊಳ್ಳುವುದಾದರೆ ಯಾವುದು? (ಸ್ಯಾಕ್ರಮೆಂಟೊ)

ಉತ್ತರ: ಇಂಟರ್‌ಮೀಡಿಯೆಟ್. ಅದು ಸೆಕೆಂಡಿಗೆ ಒಂದೂವರೆಯಿಂದ ಎರಡು ಅಂಗುಲದಷ್ಟು ಮುಳುಗುವುದರಿಂದ ಹತ್ತಡಿ ಇಳಿಯಲು ಒಂದು ನಿಮಿಷವಾದರೂ ಬೇಕು. ಆ ಒಂದು ನಿಮಿಷ ಸುಮ್ಮನಿರಲಾರದೆ ಎಳೆಯಲು ಶುರುಮಾಡುವುದೇ ಹೆಚ್ಚಿನವರ ತೊಡಕು. ಎಸೆದ ಮೇಲೆ ಸೆಕೆಂಡುಗಳನ್ನು ಎಣಿಸಿ, ಪ್ರತಿ ಸಲ ಹತ್ತು ಹತ್ತು ಹೆಚ್ಚಿಸುತ್ತ ಹೋದರೆ ಮೀನು ಇರುವ ಆಳ ಗೊತ್ತಾಗುತ್ತದೆ, ಆಮೇಲೆ ಅದೇ ಎಣಿಕೆಯನ್ನು ಪಾಲಿಸಿದರಾಯಿತು. ಎಳೆಯುವಾಗ ಲೈನನ್ನು ಬೆರಳುಗಳ ಸುತ್ತ ನಿಧಾನವಾಗಿ ಸುತ್ತಿಕೊಳ್ಳಿ. ಜೂನ್, ಜುಲೈ ತಿಂಗಳುಗಳಲ್ಲಿ ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ಡ್ಯಾಮ್‌ಸೆಲ್‌ಫ್ಲೈ ನಿಂಫ್‌ಗಳು ರೆಕ್ಕೆ ಬಿಚ್ಚಲು ದಡದ ಜೊಂಡಿನತ್ತ ಈಜಿಬರುತ್ತವೆ. ದಡದಲ್ಲಿ ನಿಂತು ತನ್ನತ್ತ ಎಳೆದುಕೊಳ್ಳುವವನ ಫ್ಲೈ ಕೂಡ ಅದೇ ದಿಕ್ಕಿನಲ್ಲಿ ಚಲಿಸುತ್ತದೆಯಾದ್ದರಿಂದ ಆ ಕೆಲವು ವಾರ ಟ್ಯೂಬಿನವರಿಗಿಂತ ನಿಮಗೇ ಅನುಕೂಲ ಹೆಚ್ಚು.

ಪ್ರಶ್ನೆ: ಹಿಡಿದ ಮೀನನ್ನೆಲ್ಲ ನಾನು ಬಿಟ್ಟುಬಿಡುತ್ತೇನೆ. ಆದ್ದರಿಂದ ಬೇಸಿಗೆಯಲ್ಲಿ ಎಷ್ಟು ಹಿಡಿದರೂ ತಪ್ಪಿಲ್ಲವಲ್ಲವೆ? (ಲಾಸ್ ಏಂಜಲೀಸ್)

ಉತ್ತರ: ಈ ಮಾತನ್ನು ನಾನು ಒಪ್ಪಲಾರೆ. ತಣ್ಣನೆಯ ಆಳದಲ್ಲಿ ಗಾಳಕ್ಕೆ ಸಿಕ್ಕ ಮೀನು ಹೋರಾಡಿ ದಣಿದು, ಉಸಿರು ಅತ್ಯಂತ ಬೇಕಾದ ಗಳಿಗೆಯಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಿರುವ ಮೇಲಿನ ಬಿಸಿ ನೀರಿಗೆ ಬಂದು ತಲುಪುತ್ತದೆ. ಈಜಿಕೊಂಡು ಹೋದ ಮೀನೆಲ್ಲ ಬದುಕಿತೆಂದು ತಿಳಿಯಲಾಗದು, ಕೆಲವು ಆಮೇಲೆ ಸಾಯುತ್ತವೆ. ಹತ್ತಿರ ಒಂದು ಉಷ್ಣಮಾಪಕ ಇಟ್ಟುಕೊಂಡು, ಮೇಲ್ಪದರದ ನೀರು 20 ಡಿಗ್ರಿ ಮುಟ್ಟಿದರೆ ಹಿಡಿಯುವುದನ್ನು ನಿಲ್ಲಿಸಿ ಇನ್ನೂ ಎತ್ತರದ ಕೆರೆಗೆ ಹೋಗುವುದು ಸರಿಯಾದ ಕ್ರಮ. ಕೊಕ್ಕೆಯ ಒಳಮುಳ್ಳನ್ನು ಒತ್ತಿ ಮಟ್ಟಮಾಡಿ, ತೀರಾ ತೆಳುವಾದ ಟಿಪೆಟ್ (ಲೀಡರಿನ ತುದಿಯ ದಾರ) ಬಳಸದೆ ಬೇಗ ಎಳೆದುಕೊಳ್ಳಿ, ಒದ್ದೆ ಕೈಯಿಂದ ನೀರಿನೊಳಗೇ ಬಿಡಿಸಿ. ಒಣ ಕೈ ತಾಗಿದರೆ ಸೋಂಕಿನಿಂದ ಕಾಯುವ ಮೈಲೋಳೆ ಕಿತ್ತುಬರುತ್ತದೆ. ಇನ್ನು ಎತ್ತರದ ಕೆರೆಗಳಲ್ಲಿ ಕಿಕ್ಕಿರಿದಿರುವ ಬ್ರೂಕ್ ಟ್ರೌಟನ್ನು ನಿಯಮದ ಮಿತಿಯೊಳಗೆ ಹಿಡಿದು ಹುರಿದು ತಿನ್ನುವುದರಿಂದ ಕೆರೆಗೆ ಯಾವ ನಷ್ಟವೂ ಇಲ್ಲ. ಬಿಸಿ ನೀರಿನಲ್ಲಿ ಇಡೀ ದಿನ ಹಿಡಿದು ಬಿಡುವವರಿಗಿಂತ ನಾಲ್ಕು ಮೀನು ಹಿಡಿದು ಮನೆಗೆ ಹೋಗುವವರು ಮಾಡುವ ಹಾನಿ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಸಿಕ್ವೊಯಾ ಮತ್ತು ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಗಳಲ್ಲಿ ಕೆಲವು ಕೆರೆಗಳ ಟ್ರೌಟನ್ನು ಬಲೆ ಹಾಕಿ ತೆಗೆಯುತ್ತಿದ್ದಾರೆಂದು ಓದಿದೆ. ಇದ್ದ ಮೀನನ್ನು ತೆಗೆಯುವುದೇಕೆ? (ಫ್ರೆಸ್ನೊ)

ಉತ್ತರ: ಆ ಮೀನು ಮೂಲತಃ ಅಲ್ಲಿರಲಿಲ್ಲ ಎಂಬುದೇ ಕಾರಣ. ಹಿಮನದಿಗಳು ಕೊರೆದ ಈ ಎತ್ತರದ ಕೆರೆಗಳಿಗೆ ಜಲಪಾತಗಳನ್ನು ದಾಟಿ ಮೀನು ಏರಿಬರಲು ಸಾಧ್ಯವಿರಲಿಲ್ಲ. 19ನೇ ಶತಮಾನದಿಂದೀಚೆಗೆ ಮನುಷ್ಯರು ಅವನ್ನು ಹೊತ್ತು ತಂದರು. ಈಗ ಕ್ಯಾಲಿಫೋರ್ನಿಯಾದ ರಾಜ್ಯಮೀನಾಗಿರುವ ಗೋಲ್ಡನ್ ಟ್ರೌಟನ್ನು 1876ರಲ್ಲಿ ಕಾಫಿ ಪಾತ್ರೆಯಲ್ಲಿಟ್ಟು ಕಾಟನ್‌ವುಡ್ ತೊರೆಗೆ ಒಯ್ದರೆಂಬ ಕಥೆ ಪ್ರಸಿದ್ಧವಾಗಿದೆ. ಮುಂದೆ ಹೇಸರಗತ್ತೆಗಳ ಬೆನ್ನ ಮೇಲೂ, ಆಮೇಲೆ ವಿಮಾನಗಳಿಂದಲೂ ಮರಿಗಳನ್ನು ಬಿಡಲಾಯಿತು. ಇದರ ಬೆಲೆ ತೆತ್ತದ್ದು ಹಳದಿಗಾಲಿನ ಬೆಟ್ಟದ ಕಪ್ಪೆ. ಅದರ ಗೊದಮೊಟ್ಟೆ ಕಪ್ಪೆಯಾಗಲು ಎರಡು ಮೂರು ವರ್ಷ ಹಿಡಿಯುತ್ತದೆ. ಚಳಿಗಾಲದಲ್ಲಿ ತಳದವರೆಗೆ ಹೆಪ್ಪುಗಟ್ಟದ ಆಳದ ಕೆರೆಯೇ ಅದಕ್ಕೆ ಬೇಕು, ಟ್ರೌಟ್ ಬದುಕುವುದೂ ಅಂಥ ಕೆರೆಯಲ್ಲೇ, ಅಲ್ಲಿ ಅದು ಗೊದಮೊಟ್ಟೆಗಳನ್ನು ತಿಂದುಹಾಕುತ್ತದೆ. ಜೊತೆಗೆ ಚರ್ಮಕ್ಕೆ ತಗಲುವ ಶಿಲೀಂಧ್ರ ರೋಗವೂ ಸೇರಿ, 2014ರಲ್ಲಿ ಕಪ್ಪೆಯನ್ನು ಕೇಂದ್ರ ಸರ್ಕಾರದ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಮೀನು ತೆಗೆದ ಕೆರೆಗಳಲ್ಲಿ ಕಪ್ಪೆಗಳು ಮತ್ತೆ ಹೆಚ್ಚಿವೆ. ಬೆಟ್ಟದಲ್ಲಿ ಮೀನಿರುವ ಕೆರೆಗಳು ಇನ್ನೂ ನೂರಾರು ಉಳಿದಿರುವಾಗ ಹಿಡಿಯುವವರು ಇದಕ್ಕೆ ತಕರಾರು ಎತ್ತುವುದು ಉಚಿತವಲ್ಲ.

ಪ್ರಶ್ನೆ: ಅಮೆರಿಕದಿಂದ ಊರಿಗೆ ಮರಳಿದ್ದೇನೆ. ಇಂಥ ಕೆರೆಗಳು ನಮ್ಮ ದೇಶದಲ್ಲಿ ಎಲ್ಲಿವೆ? (ಮೈಸೂರು)

ಉತ್ತರ: ಸಿಯೆರಾಕ್ಕೆ ಅತಿ ಹತ್ತಿರವಾದ ಅನುಭವ ಬೇಕಿದ್ದರೆ ಕಾಶ್ಮೀರ. ಸೋನಾಮಾರ್ಗದಿಂದ ನಾರಾನಾಗ್‌ವರೆಗಿನ ಚಾರಣದ ದಾರಿಯಲ್ಲಿರುವ ವಿಶನ್‌ಸರ್, ಕೃಷನ್‌ಸರ್, ಗಂಗಾಬಲ್ ಕೆರೆಗಳಲ್ಲಿ ಬ್ರೌನ್ ಟ್ರೌಟ್ ಇದೆ. ಕಾಶ್ಮೀರಕ್ಕೆ ಇದು 1900ರ ಆಸುಪಾಸಿನಲ್ಲಿ ಬ್ರಿಟನ್ನಿನಿಂದ ಬಂತು. ಹಿಮ ಕರಗಿ ದಾರಿ ತೆರೆಯುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ, ಅಲ್ಲಿನ ಮೀನುಗಾರಿಕೆ ಇಲಾಖೆಯ ಪರ್ಮಿಟ್ ಕಡ್ಡಾಯ. ಮೈಸೂರಿಗೆ ಹತ್ತಿರವಿರುವುದು ನೀಲಗಿರಿ. ಮೀನು ಸಾಕಣೆ ತಜ್ಞ ಎಚ್.ಸಿ. ವಿಲ್ಸನ್ ಅವರ ಪ್ರಯತ್ನದಿಂದ 20ನೇ ಶತಮಾನದ ಆರಂಭದಲ್ಲಿ ಅಲ್ಲಿ ನೆಲೆಯೂರಿದ ರೇನ್‌ಬೋ ಟ್ರೌಟ್ ಅವಲಾಂಚಿಯ ಸುತ್ತಿನ ತೊರೆ, ಜಲಾಶಯಗಳಿಗೆ ಹಬ್ಬಿತು. ಆದರೆ ಅಲ್ಲಿನ ಬೇಸಿಗೆ ಏಪ್ರಿಲ್, ಮೇ ತಿಂಗಳುಗಳೇ ಹೊರತು ಜುಲೈ ಅಲ್ಲ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಮಿಕ್ಕಿ ಮಳೆ ಬಿದ್ದದ್ದನ್ನು ನೆನೆದರೆ ಮುಂಗಾರಿನಲ್ಲಿ ಅತ್ತ ರಾಡ್ ಹಿಡಿದು ಹೋಗುವ ಆಸೆ ಯಾರಿಗೂ ಉಳಿಯದು. ಅರಣ್ಯ ಇಲಾಖೆಯ ನಿರ್ಬಂಧ ಅಲ್ಲಿ ಬಿಗಿಯಾಗಿರುವುದರಿಂದ ಮೀನುಗಾರಿಕೆ ಮತ್ತು ಅರಣ್ಯ ಎರಡೂ ಇಲಾಖೆಗಳನ್ನು ಊಟಿಯಲ್ಲಿ ವಿಚಾರಿಸಿ, ಅನುಮತಿ ಕೈಗೆ ಬಂದ ಮೇಲಷ್ಟೇ ಹೊರಡಿ.