ಗುಳಿಗೆಯ ಕಿತಾಪತಿಯೋ, ಬ್ಲಡ್ ಕ್ಯಾನ್ಸರ್ರೋ?

ಪತ್ರ: ನನ್ನ ಹೆಂಡತಿಗೆ ಥೈರಾಯ್ಡ್ ಜಾಸ್ತಿ ಅಂತ ಕಾರ್ಬಿಮಜೋಲ್ ಶುರುಮಾಡಿದ್ದರು. ಒಂದೂವರೆ ತಿಂಗಳಿಗೆ ಜ್ವರ, ಗಂಟಲುನೋವು. ಬಿಳಿ ರಕ್ತಕಣ 1,400ಕ್ಕೆ ಇಳಿದಿತ್ತು. ಗುಳಿಗೆ ನಿಲ್ಲಿಸಿ ಅಡ್ಮಿಟ್ ಮಾಡಿಕೊಂಡರು. ಹತ್ತು ದಿನಕ್ಕೆ ಕೌಂಟ್ ಸರಿಹೋಯಿತು. ಊರಲ್ಲಿ ಬ್ಲಡ್ ಕ್ಯಾನ್ಸರ್ ಅಂತಿದ್ದಾರೆ. ಹೌದಾ? ರಿಪೋರ್ಟ್ ಕಳಿಸಿದ್ದೇನೆ.
- ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ: ಊರಿನ ಬಾಯಿ ಮುಚ್ಚಿಸಲು ನನ್ನಿಂದಾಗದು. ಆದರೆ ನಿಮ್ಮ ರಿಪೋರ್ಟು ಹಾಗೆ ಹೇಳುತ್ತಿಲ್ಲ. 1,400ರಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯ ಬಿಳಿ ಕಣ 5 ಪರ್ಸೆಂಟ್ ಅಂತಿದೆ. ಅಂದರೆ ಬರೀ 70. 500ಕ್ಕಿಂತ ಕೆಳಗಿಳಿದರೇ ಅಪಾಯ. ಬ್ಯಾಕ್ಟೀರಿಯಾ ಮೇಲೆ ಮೊದಲು ಮುಗಿಬೀಳುವ ಕಣಗಳಿವು, ಅದಕ್ಕೇ ಗಂಟಲು ಕೆಟ್ಟಿದ್ದು. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎರಡೂ ಸರಿಯಾಗಿವೆ. ಗಾಜಿನ ಮೇಲೆ ರಕ್ತ ಸವರಿ ನೋಡುವ ಸ್ಮಿಯರ್‌ನಲ್ಲಿ ಬ್ಲಾಸ್ಟ್ ಕಣ ಕಂಡಿಲ್ಲ. ಅಕ್ಯೂಟ್ ಲುಕೇಮಿಯಾ ಎಂಬ ಬ್ಲಡ್ ಕ್ಯಾನ್ಸರಿನಲ್ಲಿ ಬಲಿಯದ ಬ್ಲಾಸ್ಟ್ ಕಣಗಳೇ ಮೂಳೆಯ ಮಜ್ಜೆಯಲ್ಲಿ ತುಂಬಿಕೊಂಡು, ಉಳಿದವಕ್ಕೆ ಜಾಗವಿಲ್ಲದಂತಾಗುತ್ತದೆ. ಗುಳಿಗೆ ಬಿಟ್ಟ ಮಾತ್ರಕ್ಕೆ ಅದು ಹೋಗುವಂಥದ್ದಲ್ಲ.

ನಿಮ್ಮ ಮನೆಯವರಿಗೆ ಆಗಿದ್ದು ಅಗ್ರಾನ್ಯುಲೋಸೈಟೋಸಿಸ್, ಅಂದರೆ ಈ ನ್ಯೂಟ್ರೋಫಿಲ್ ಕಣಗಳು ಹೆಚ್ಚುಕಮ್ಮಿ ಇಲ್ಲವಾಗುವುದು. 1922ರಲ್ಲಿ ಜರ್ಮನಿಯ ವೆರ್ನರ್ ಶುಲ್ಟ್ಸ್ ಇದನ್ನು ವಿವರಿಸಿದರು. ಮಾತ್ರೆಯೂ ಕಾರಣವಿರಬಹುದು ಅಂತ ಗಟ್ಟಿಯಾಗಿ ಗೊತ್ತಾಗಿದ್ದು 1934ರ ಹೊತ್ತಿಗೆ. ಅಮೆರಿಕದ ವೈದ್ಯರಾದ ಮ್ಯಾಡಿಸನ್ ಮತ್ತು ಸ್ಕ್ವಯರ್, ಅಮಿಡೋಪೈರಿನ್ ಎಂಬ ನೋವಿನ ಮಾತ್ರೆಯನ್ನು ಗುಣವಾದವರಿಗೇ ಮತ್ತೆ ಕೊಟ್ಟು, ಬಿಳಿ ಕಣ ದಬದಬ ಇಳಿಯುವುದನ್ನು ನೋಡಿದರು. ಇವತ್ತು ಹಾಗೆ ಮಾಡಿದರೆ ಕೋರ್ಟಿಗೆ ಎಳೀತಾರೆ, ಬಿಡಿ.

ಕೆಲವು ಕೀಮೋ ಔಷಧಿಗಳಿಂದ ಎಷ್ಟೋ ವರ್ಷದ ಮೇಲೆ ಲುಕೇಮಿಯಾ ಬರಬಹುದು, ಅದು ನಿಜ. ಕಾರ್ಬಿಮಜೋಲ್ ಆ ಗುಂಪಿನದಲ್ಲ. ಹಾಗಂತ ಅವರು ಇದನ್ನು ಇನ್ನು ಜನ್ಮದಲ್ಲಿ ಮುಟ್ಟಬಾರದು. ಮೆಥಿಮಜೋಲ್ ಅಂದರೂ ಅದೇ. ಥೈರಾಯ್ಡ್ ತಗ್ಗಿಸುವ ಇನ್ನೊಂದು ಮಾತ್ರೆ ಪ್ರೊಪೈಲ್‌ಥಯೋಯುರಾಸಿಲ್ ಕೂಡ ಬೇಡ. ಮುಂದೆ ರೇಡಿಯೋ ಅಯೋಡಿನ್ನೋ ಆಪರೇಷನ್ನೋ, ನಿಮ್ಮ ಡಾಕ್ಟರನ್ನೇ ಕೇಳಿ.

ನಿಮ್ಮ ಪತ್ರ ಅಚ್ಚು ಹಾಕಿದ್ದಕ್ಕೆ ಬೇರೆಯೇ ಕಾರಣವಿದೆ. ನಮ್ಮ ಮಲೆನಾಡಿನಲ್ಲಿ ಬೇಸಿಗೆಯ ಜ್ವರ ಅಂದರೆ ಮೊದಲು ನೆನಪಾಗುವುದು ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ಜ್ವರದಲ್ಲೂ ಬಿಳಿ ಕಣ ಇಳಿಯುತ್ತದೆ. ಹಾಗಾಗಿ ಕೌಂಟ್ ಕಡಿಮೆ ಬಂದರೆ ಎಲ್ಲರೂ ಉಣುಗು ಕಚ್ಚಿತ್ತಾ ಅಂತಲೇ ಕೇಳುವುದು. ಮಾತ್ರೆಯ ಸುದ್ದಿ ನಾವೇ ಎತ್ತಬೇಕು. ಕಾರ್ಬಿಮಜೋಲ್ ತಗೊಳ್ಳುವವರು, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಜ್ವರವೋ ಗಂಟಲುನೋವೋ ಬಂದರೆ ಕಾಳುಮೆಣಸಿನ ಕಷಾಯ ಕುಡಿದು ನೋಡೋಣ ಅಂತ ಕೂರಬೇಡಿ. ಅವತ್ತೇ ಆ ಸ್ಟ್ರಿಪ್ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸಿ. ರಿಪೋರ್ಟ್ ನೋಡಿ ಡಾಕ್ಟರ್ ಹೇಳುವ ತನಕ ಮುಂದಿನ ಗುಳಿಗೆ ನುಂಗಬೇಡಿ.