ಫೆಬ್ರವರಿಗೇ ಮರೆತುಹೋಗುವ ಒಡಂಬಡಿಕೆ

ಬ್ರದರ್, ಡಿಸೆಂಬರ್ 31ರ ರಾತ್ರಿ ಚರ್ಚಿನಲ್ಲಿ ಇಡೀ ಸಭೆ ಎದ್ದು ನಿಂತು, ಹೊಸ ವರ್ಷ ದೇವರ ಮಾತಿನಂತೆ ನಡೀತೀವಿ ಅಂತ ಒಡಂಬಡಿಕೆ ಮಾಡುತ್ತೆ, ಫೆಬ್ರವರಿಗೆ ಯಾರಿಗೂ ನೆನಪಿರಲ್ಲ, ಏನು ಮಾಡೋದು ಅಂತ ಕೇಳಿದ್ದೀರಿ. ತುಮಕೂರಲ್ಲಿ ನಮ್ಮದೂ ಇದೇ ಕತೆ. ಹೊಸ ವರ್ಷಕ್ಕೆ ಕೊಡುವ ಬೈಬಲ್ ವಚನದ ವಾಗ್ದಾನದ ಕಾರ್ಡ್ ಮಾತ್ರ ವರ್ಷವಿಡೀ ಫ್ರಿಜ್ ಮೇಲೆ ಅಂಟಿಕೊಂಡಿರುತ್ತೆ!

ಇಂಗ್ಲೆಂಡಿನಲ್ಲಿ ಮೆಥೋಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ 1755ರಲ್ಲಿ ಒಡಂಬಡಿಕೆಯ ಆರಾಧನೆ ಶುರು ಮಾಡುವ ಹೊತ್ತಿಗೆ, 1742ರಿಂದಲೇ ಸುಮಾರು ಹನ್ನೆರಡು ಜನರ ಚಿಕ್ಕ ಗುಂಪುಗಳು ವಾರವಾರ ಸೇರುತ್ತಿದ್ದವು. ನಾವು ಒಡಂಬಡಿಕೆಯ ಮಾತನ್ನಷ್ಟೇ ಇಟ್ಟುಕೊಂಡು ಗುಂಪು ಬಿಟ್ಟೆವು, ಅಲ್ವಾ?

ಹೋದ ವರ್ಷ ಕ್ಯಾತಸಂದ್ರದ ಒಂದು ಮನೆಯಲ್ಲಿ ಗುರುವಾರ ಸಂಜೆ ಐದು ಮನೆಯವರು ಸೇರಲು ಶುರು ಮಾಡಿದೆವು. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯ, ವಾರಕ್ಕೊಂದು ಸಾಕು. ಉಪದೇಶದ ಪ್ರಸಂಗ ಇಲ್ಲ. ಒಂದೇ ಪ್ರಶ್ನೆ: ಹೋದ ವಾರ ಓದಿದ್ದರಲ್ಲಿ ಏನು ಮಾಡಿದಿರಿ? ಮೊದಲೆರಡು ವಾರ ಎಲ್ಲರೂ ಸುಮ್ನೆ ಕಾಫಿ ಲೋಟ ನೋಡುತ್ತಾ ಕೂತಿದ್ದರು. ಮೂರನೇ ವಾರ ಆಟೋ ಓಡಿಸುವ ಅಣ್ಣ ಒಬ್ಬರು, 'ಜಾಗದ ಜಗಳ ಆದಮೇಲೆ ತಮ್ಮನ ಹತ್ರ ಮಾತಿರಲಿಲ್ಲ, ನಿನ್ನೆ ಫೋನ್ ಮಾಡಿದೆ' ಅಂದರು. ಆಮೇಲೆ ಬಾಯಿ ಬಿಡದವರೇ ಇಲ್ಲ.

ಇಡೀ ಸಭೆಯನ್ನು ಒಟ್ಟಿಗೆ ಎಳೆಯಲು ಹೋಗಬೇಡಿ. ಸಭಾಪಾಲಕರಿಗೆ (ಪಾಸ್ಟರ್‌ಗೆ) ಮೊದಲೇ ತಿಳಿಸಿ, ಆದರೆ ನಡೆಸುವ ಜವಾಬ್ದಾರಿ ಅವರ ತಲೆಗೆ ಕಟ್ಟಬೇಡಿ. ಮತ್ತೆ ಊಟ ಬೇಡ, ಕಾಫಿ ಸಾಕು. ಊಟ ಅಂದ್ರೆ ಅಡುಗೆಮನೆಯಲ್ಲಿರುವ ಅಕ್ಕಂದಿರು ಕೂರೋದೇ ಇಲ್ಲ.