ಆ ಕೆಲವು ಸೆಕೆಂಡುಗಳನ್ನು ಬಿಡಿಸಿ ಬರೆಯಿರಿ

ಪ್ರಿಯ ಲೇಖಕರೇ,

ಆಲೆಮನೆ ಗಾಣದ ಶಾಫ್ಟಿಗೆ ಇಂಡಕ್ಷನ್ ಹಾರ್ಡನಿಂಗ್ (ಕರೆಂಟ್ ಹರಿಯುವ ಕಾಯಿಲ್‌ನಿಂದ ಮೇಲ್ಪದರವನ್ನಷ್ಟೇ ಕಾಯಿಸಿ, ತಟ್ಟನೆ ತಣಿಸಿ ಗಡಸು ಮಾಡುವುದು) ಮಾಡುವ ಬಗ್ಗೆ ಮಂಡ್ಯದಿಂದ ನೀವು ಕಳಿಸಿದ ಲೇಖನ ಓದಿದೆವು. ಇದ್ದ ಹಾಗೇ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿ ಎಂದು ಮಾತ್ರ ಒತ್ತಾಯಿಸುತ್ತೇವೆ. ವರ್ಕ್‌ಶಾಪಿನಲ್ಲಿ ನಿಂತು ನೋಡಿ ಕನ್ನಡದಲ್ಲಿ ಬರೆಯುವವರು ನಮಗೆ ಬೇಕು.

ಮೊದಲ ಮೂರು ಪುಟ ತೆಗೆಯಿರಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು ನಿಜ, ಅದು ಬೇರೆಯೇ ಲೇಖನವಾದೀತು. ನಿಮ್ಮ ಬರಹಕ್ಕೆ ಜೀವ ಬರುವುದು ನಾಲ್ಕನೇ ಪುಟದಲ್ಲಿ. ಹೂಟಗಳ್ಳಿಯ ವರ್ಕ್‌ಶಾಪಿನಲ್ಲಿ ಶಾಫ್ಟ್ ತಿರುಗುತ್ತಾ ತಾಮ್ರದ ಕಾಯಿಲ್ ಒಳಗೆ ಇಳಿಯುತ್ತದೆ, ‘ಕೆಂಪು ಬಳೆ ತೊಟ್ಟ ಹಾಗೆ’ ಒಂದು ಪಟ್ಟಿ ಮಾತ್ರ ಹೊಳೆಯುತ್ತದೆ, ಬಳೆಯ ಕೆಳಗೇ ನೀರು ರಾಚುತ್ತದೆ. ಅಲ್ಲಿಂದಲೇ ಶುರು ಮಾಡಿ.

ಅದರ ಮುಂದಿನ ಸಾಲಿನಲ್ಲೇ ಎಡವಿದ್ದೀರಿ. ‘ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದರೆ ಉಕ್ಕು ಗಟ್ಟಿಯಾಗುತ್ತದೆ’ ಎಂದಿದ್ದೀರಿ. ಇಷ್ಟು ಕುಲುಮೆಯ ಮುಂದೆ ಕೂತ ಯಾರಿಗೂ ಗೊತ್ತು. ಕಾಯಿಸುವ ವೇಗ ಏನು ಮಾಡುತ್ತದೆ ಎಂಬುದೇ ನಿಮ್ಮ ವಿಷಯ, ಅದೇ ಬಿಟ್ಟುಹೋಗಿದೆ. ನೀವು ಹೇಳಿದ ಶಾಫ್ಟ್ ಇಎನ್ 8 ಎಂಬ ದರ್ಜೆಯ ಉಕ್ಕು, ಅಂದರೆ ಅದರಲ್ಲಿ ಸುಮಾರು 0.4 ಶೇಕಡಾ ಇಂಗಾಲ. ಆ ಇಂಗಾಲ ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚುಕಡಿಮೆ ಅರ್ಧ ಭಾಗ ಫೆರೈಟ್, ಅದರಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಉಳಿದರ್ಧ ಪರ್ಲೈಟ್, ಅಲ್ಲಿ 0.8 ಶೇಕಡಾದ ಹತ್ತಿರ. ಕಾಯ್ದಾಗ ಎರಡೂ ಆಸ್ಟೆನೈಟ್ (ಇಂಗಾಲವನ್ನು ಕರಗಿಸಿಕೊಳ್ಳುವ, ಉಕ್ಕಿನ ಬಿಸಿ ರೂಪ) ಆಗಬೇಕು, ಇಂಗಾಲ ಪರ್ಲೈಟ್ ಇದ್ದ ಕಡೆಯಿಂದ ಫೆರೈಟ್ ಇದ್ದ ಕಡೆಗೆ ನಡೆದು ಹೋಗಬೇಕು. ಫರ್ನೇಸಿನಲ್ಲಿ ಪ್ರತಿ 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ಗಂಟೆ ಇಡುವುದರಿಂದ ಆ ನಡಿಗೆಗೆ ಪುರಸೊತ್ತು ಉಂಟು. ಕಾಯಿಲ್ ಒಳಗೆ ಸಿಗುವುದು ಕೆಲವೇ ಸೆಕೆಂಡು. ಇಂಗಾಲ ದಾರಿಯಲ್ಲೇ ಇರುವಾಗ ನೀರು ಬಿದ್ದರೆ, ಫೆರೈಟ್ ಇದ್ದ ಜಾಗ ಮೆತ್ತಗೇ ಉಳಿಯುತ್ತದೆ. ಮೇಲೆ ನೋಡಿದರೆ ಶಾಫ್ಟ್ ಚೆನ್ನಾಗಿದೆ, ಗಡಸು ಅಳೆದರೆ ಒಂದೊಂದು ಕಡೆ ಒಂದೊಂದು ಅಂಕಿ.

ಅದಕ್ಕೇ ನಿಮ್ಮ ಕೋಷ್ಟಕ ತಪ್ಪು. ಎರಡೂ ವಿಧಾನಕ್ಕೆ 840 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿದ್ದೀರಿ. ಫರ್ನೇಸಿಗೆ ಅದು ಸರಿ, ಇಂಡಕ್ಷನ್‌ನಲ್ಲಿ 900ರ ಆಸುಪಾಸು ಬೇಕು. ವೇಳೆ ಕಡಿಮೆಯಾದಷ್ಟನ್ನು ಶಾಖದಲ್ಲಿ ತುಂಬಿಕೊಡಬೇಕು. ಇನ್ನೊಂದು ದಾರಿಯನ್ನೂ ಹೇಳಿ: ಮೊದಲೇ ಹಾರ್ಡನಿಂಗ್, ಟೆಂಪರಿಂಗ್ (ತಣಿಸಿದ ಉಕ್ಕನ್ನು ಕಡಿಮೆ ಶಾಖದಲ್ಲಿ ಮತ್ತೆ ಕಾಯಿಸುವುದು) ಆಗಿರುವ ಕಂಬಿ ತೆಗೆದುಕೊಂಡರೆ ಅದರಲ್ಲಿ ಕಾರ್ಬೈಡ್, ಅಂದರೆ ಕಬ್ಬಿಣ-ಇಂಗಾಲದ ಸಂಯುಕ್ತ, ಸಣ್ಣ ಸಣ್ಣ ಕಣಗಳಾಗಿ ಎಲ್ಲ ಕಡೆ ಹರಡಿರುತ್ತದೆ, ಇಂಗಾಲ ನಡೆಯಬೇಕಾದ ದೂರವೇ ಕಡಿಮೆ. ಅನೀಲ್ ಮಾಡಿದ, ಅಂದರೆ ಕಾಯಿಸಿ ನಿಧಾನವಾಗಿ ತಣಿಸಿದ ಮೆತ್ತನೆ ಕಂಬಿಯನ್ನು ಲೇತಿನಲ್ಲಿ ತಿರುವುದು ಸುಲಭ, ಕಾಯಿಲ್‌ನಲ್ಲಿ ಅದೇ ಕಾಟ ಕೊಡುತ್ತದೆ. ವೇಗದ ಲಾಭವನ್ನೂ ಬಿಡಬೇಡಿ. ಆಸ್ಟೆನೈಟ್ ಹರಳುಗಳಿಗೆ ಬೆಳೆಯಲು ಪುರಸೊತ್ತಿಲ್ಲ, ಆದ್ದರಿಂದ ತಣಿದ ಮೇಲೆ ಮಾರ್ಟೆನ್‌ಸೈಟೂ (ಆಸ್ಟೆನೈಟ್ ತಟ್ಟನೆ ತಣಿದಾಗ ಆಗುವ ಗಡಸು ರೂಪ) ನಯವಾಗಿರುತ್ತದೆ, ಬಿರುಕನ್ನು ತಡೆಯುತ್ತದೆ.

‘ಗಟ್ಟಿ’ ಎಂಬ ಒಂದೇ ಪದವನ್ನು ಮೂರು ಅರ್ಥಕ್ಕೆ ದುಡಿಸಿದ್ದೀರಿ. ಗೀರು, ಸವೆತ ತಡೆಯುವುದು ಗಡಸು. ಭಾರ ಹೊರುವುದು ಬಲ. ಪೆಟ್ಟು ಬಿದ್ದರೆ ಒಡೆಯದೆ ನಿಲ್ಲುವುದು ತಾಳಿಕೆ. ಗಡಸು ಹೆಚ್ಚಿದರೆ ತಾಳಿಕೆ ಸಾಮಾನ್ಯವಾಗಿ ಇಳಿಯುತ್ತದೆ, ಎರಡಕ್ಕೂ ‘ಗಟ್ಟಿ’ ಎಂದರೆ ಓದುಗ ದಾರಿ ತಪ್ಪುತ್ತಾನೆ. ‘ಹಾರ್ಡನಿಂಗ್ ಆದ ಶಾಫ್ಟ್ ಬಾಗುವುದು ಕಡಿಮೆ’ ಎಂಬ ಮಾತನ್ನಂತೂ ಹೊಡೆದುಹಾಕಿ. ಕಬ್ಬು ಸಿಕ್ಕಿದಾಗ ಶಾಫ್ಟ್ ಬಾಗಿ ಮತ್ತೆ ನೆಟ್ಟಗಾಗುವ ಪ್ರಮಾಣ ಹಾರ್ಡನಿಂಗ್‌ನಿಂದ ಬದಲಾಗುವುದಿಲ್ಲ. ಅದು ಶಾಫ್ಟಿನ ವ್ಯಾಸಕ್ಕೆ, ಬೇರಿಂಗ್‌ಗಳ ನಡುವಿನ ದೂರಕ್ಕೆ ಸೇರಿದ್ದು.

ಶಾಫ್ಟ್ ಮುರಿದದ್ದಕ್ಕೆ ‘ಕಳಪೆ ಉಕ್ಕು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನೀವೇ ಕಳಿಸಿದ ಫೋಟೋ ನೋಡಿ: ಬಿರುಕು ಹೊರಟಿರುವುದು ಕೀವೇ (ಕೀಲಿ ಕೂರಿಸಲು ಶಾಫ್ಟಿನಲ್ಲಿ ಕೊರೆದ ಕಾಲುವೆ) ಮೂಲೆಯಿಂದ. ಚೂಪು ಅಂಚಿನಲ್ಲಿ ಕರೆಂಟ್ ಒತ್ತಟ್ಟಾಗುತ್ತದೆ, ಆ ಜಾಗ ಉಳಿದದ್ದಕ್ಕಿಂತ ಹೆಚ್ಚು ಕಾಯುತ್ತದೆ, ಹರಳು ದಪ್ಪಗಾಗುತ್ತದೆ, ನೀರು ಬಿದ್ದೊಡನೆ ಸೀಳುತ್ತದೆ. ಮೂಲೆಯನ್ನು ದುಂಡಗೆ ಮಾಡಬೇಕು, ಎಣ್ಣೆ ತೂತಿಗೆ ತಾಮ್ರದ ಬಿರಡೆ ಹಾಕಬೇಕು, ನೀರಿನ ಬದಲು ಪಾಲಿಮರ್ ದ್ರಾವಣ ಬಳಸಬಹುದು. ಗಡಸು ಪದರ ಮುಗಿಯುವ ಜಾಗವೂ ಮುಖ್ಯ. ಮಾರ್ಟೆನ್‌ಸೈಟ್ ಹಿಗ್ಗುವುದರಿಂದ ಪದರ ಒತ್ತಡದಲ್ಲಿರುತ್ತದೆ, ಅದು ಒಳ್ಳೆಯದೇ. ಅದು ಮುಗಿದ ಪಕ್ಕದಲ್ಲೇ ಎಳೆತ ಶುರು. ಆ ಗೆರೆ ಶಾಫ್ಟಿನ ವ್ಯಾಸ ಬದಲಾಗುವ ಮೆಟ್ಟಿಲಿಗೆ ಸರಿಯಾಗಿ ಬಂದರೆ ಶಾಫ್ಟ್ ಅಲ್ಲೇ ತುಂಡಾಗಬಹುದು.

ಇಡೀ ಲೇಖನದಲ್ಲಿ ಟೆಂಪರಿಂಗ್ ಎಂಬ ಪದವೇ ಇಲ್ಲ. ಇದು ದೊಡ್ಡ ಲೋಪ. ನಿಮ್ಮನ್ನು ನಂಬಿ ಯಾರಾದರೂ ತಣಿಸಿದ ಶಾಫ್ಟನ್ನು ಹಾಗೇ ಗಾಣಕ್ಕೆ ಕೂರಿಸಿಯಾರು. ಹಾರ್ಡನಿಂಗ್ ಆದ ಕೂಡಲೇ, ಮರುದಿನಕ್ಕೆ ಬಿಡದೆ, 180ರಿಂದ 200 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಡಬೇಕು. ಗಡಸು ಸ್ವಲ್ಪವೇ ಇಳಿಯುತ್ತದೆ, ಪೆಡಸುತನ ಬಹಳಷ್ಟು ಕಡಿಮೆಯಾಗುತ್ತದೆ.

ಮುರಿದ ತುಂಡು ಇನ್ನೂ ನಿಮ್ಮ ಬಳಿ ಇದ್ದರೆ ಬಿರುಕಿನಿಂದ ದೂರದಲ್ಲಿ ಅಡ್ಡಲಾಗಿ ಕತ್ತರಿಸಿ. ಕತ್ತರಿಸುವಾಗ ನೀರು ಬಿಡುತ್ತಲೇ ಇರಬೇಕು, ಕಾಯ್ದರೆ ಪದರವೇ ಕೆಡುತ್ತದೆ. ನಯವಾಗಿ ಉಜ್ಜಿಸಿ, ಲ್ಯಾಬಿನವರಿಂದ ನೈಟಾಲ್ (ಆಲ್ಕೋಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಹಚ್ಚಿಸಿ. ಗಡಸು ಪದರ ಉಂಗುರದ ಹಾಗೆ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋವನ್ನು ಹೊಸ ಪ್ರತಿಯ ಜೊತೆ ಕಳಿಸಿ.

— ಸಂಪಾದಕ ಬಳಗ, ಮೈಸೂರು